ಸೆನ್ಸರ್ ಬದಲಿಸುವ ಮುನ್ನ ಮೀಟರ್ ಹಿಡಿಯಿರಿ

ಮಾನ್ಯರೇ,

ಓಡುತ್ತಿದ್ದ ಕಾರು ಬಿಸಿಯಾದಾಗ ನಿಂತು, ತಣಿದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವ ಭಾಗ) ಮೇಲೆ ಅನುಮಾನ ಸಹಜ. ಆದರೆ ಸ್ಕ್ಯಾನರ್‌ನಲ್ಲಿ ಈ ಸೆನ್ಸರಿಗೆ ಸಂಬಂಧಿಸಿದ ಪಿ0335 ದೋಷ ಕೋಡ್ ಕಂಡ ಕೂಡಲೇ ಹೊಸ ಸೆನ್ಸರ್ ಹಾಕಿ ಬಿಲ್ ಕೊಡುವುದು ತಪ್ಪು. ಆ ಕೋಡ್ ಸರ್ಕ್ಯೂಟಿನಲ್ಲಿ ದೋಷವಿದೆ ಎನ್ನುತ್ತದೆಯೇ ಹೊರತು ಸೆನ್ಸರೇ ಕೆಟ್ಟಿದೆ ಎನ್ನುವುದಿಲ್ಲ.

ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡಬೇಕು. ಎಂಜಿನ್ ತಿರುಗಿದರೂ ಸೊನ್ನೆ ತೋರಿಸಿದರೆ ಸಿಗ್ನಲ್ ಬರುತ್ತಿಲ್ಲ. ಎರಡು ತಂತಿಯ ಮ್ಯಾಗ್ನೆಟಿಕ್ ಸೆನ್ಸರ್ ಆದರೆ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ (ವಿದ್ಯುತ್ ಪ್ರತಿರೋಧ) ಅಳೆಯಿರಿ. ಹಲವು ಕಾರುಗಳಲ್ಲಿ ಇದು 200ರಿಂದ 1,000 ಓಮ್, ನಿಖರ ಅಂಕಿ ಆಯಾ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಬಿಸಿಯಿದ್ದಾಗಲೂ ಅಳೆಯಲೇಬೇಕು, ಒಳಗಿನ ಕಾಯಿಲ್ ತಂತಿ ಕಾವಿಗೆ ಹಿಗ್ಗಿದಾಗ ಮಾತ್ರ ಬಿಟ್ಟುಕೊಳ್ಳುವುದುಂಟು. ಮೂರು ತಂತಿಯ, ಸಪ್ಲೈ ಪಡೆದು ಕೆಲಸ ಮಾಡುವ ಹಾಲ್ (Hall) ಸೆನ್ಸರ್‌ಗೆ ಓಮ್ ಪರೀಕ್ಷೆ ಬೇಡ. ಇಗ್ನಿಷನ್ ಆನ್ ಮಾಡಿ 5 ಅಥವಾ 12 ವೋಲ್ಟ್ ಸಪ್ಲೈ, ಅರ್ತ್ ಎರಡೂ ಬರುತ್ತಿವೆಯೇ ನೋಡಿ.

ಸೆನ್ಸರ್ ತುದಿಗೆ ಅಂಟಿದ ಕಬ್ಬಿಣದ ಪುಡಿ, ಸೈಲೆನ್ಸರ್ ಪೈಪಿಗೆ ತಾಗಿ ಸುಟ್ಟ ವೈರು, ಸೆನ್ಸರ್ ಎದುರು ತಿರುಗುವ ರಿಂಗಿನ ಮುರಿದ ಹಲ್ಲು ಕೂಡ ಇದೇ ಲಕ್ಷಣ ತೋರಿಸುತ್ತವೆ. ಗ್ಯಾರೇಜಿನವರು ಮೀಟರ್ ಅಳತೆಯನ್ನು ಬಿಲ್ಲಿನ ಮೇಲೆ ಬರೆದು, ಹಳೆಯ ಸೆನ್ಸರ್ ಅನ್ನು ಗ್ರಾಹಕರ ಕೈಗೆ ಕೊಡಲಿ.

– ಒಬ್ಬ ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ