ಹೊಸ ರೌಟರ್ ಕೊಳ್ಳಲಿರುವ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಟ್ಟಡದ ಹಲವರು ಕಡಿಮೆ ಬೆಲೆಯ ರೌಟರ್ ವಿಚಾರಿಸುತ್ತಿರುವುದರಿಂದ ಈ ಸೂಚನೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘ಎಸಿ1200’ ಎಂಬುದು ರೌಟರಿನ ಎರಡು ವೈಫೈ ತರಂಗಪಟ್ಟಿಗಳ ಗರಿಷ್ಠ ವೇಗ, ಅಂದರೆ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎಂಬಿಪಿಎಸ್‌ಗಳನ್ನು ಕೂಡಿಸಿ, 1200ಕ್ಕೆ ದುಂಡಾಗಿಸಿ ಹೇಳುವ ಲೆಕ್ಕವೇ ಹೊರತು ನಿಮ್ಮ ಫೋನಿಗೆ ಸಿಗುವ ವೇಗವಲ್ಲ. ಅದಕ್ಕಿಂತ ಮುಖ್ಯವಾದುದು ಹಿಂಬದಿಯ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ): ವಿವರದಲ್ಲಿ ‘10/100’ ಎಂದಷ್ಟೇ ಇದ್ದರೆ, 200 ಎಂಬಿಪಿಎಸ್ ಪ್ಲಾನಿಗೆ ಹಣ ಕಟ್ಟಿದರೂ ಮನೆಯೊಳಗೆ ಬರುವುದು 100ರೊಳಗೇ. ಇದನ್ನು ಗಮನಿಸದೆ ಕೊಂಡ ನಾನು ಮೂರು ತಿಂಗಳು ಕೇಬಲ್ಲಿನವರೊಡನೆ ವೃಥಾ ಜಗಳವಾಡಿದ್ದೇನೆ. ಆದ್ದರಿಂದ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇರುವುದನ್ನೇ ಕೇಳಿ ಪಡೆಯಿರಿ. ಆಂಟೆನಾಗಳ ಸಂಖ್ಯೆಗೆ ಮರುಳಾಗಬೇಡಿ. ಕೊಳ್ಳುವ ಮುನ್ನ, ಈಗಿನ ರೌಟರನ್ನು ಟಿವಿಯ ಹಿಂದಿನಿಂದ ತೆಗೆದು ಹಜಾರದ ಕಪಾಟಿನ ಮೇಲಿಟ್ಟು ಸಿಗ್ನಲ್ ಸುಧಾರಿಸುವುದೇ ಎಂದು ಎರಡು ದಿನ ಬಳಸಿ ನೋಡಬೇಕಾಗಿ ಕೋರುತ್ತೇನೆ.