ತಂಗಿಗೆ ರುಚಿ ಹತ್ತದ ಬಗ್ಗೆ, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ತಂಗಿ ತಟ್ಟೆ ಮುಂದೆ ಕೂತು ‘ಏನೂ ರುಚಿಯಿಲ್ಲ, ಕಾಗದ ಅಗಿದ ಹಾಗಿದೆ’ ಅನ್ನುತ್ತಾಳೆ, ಅದು ನಿಜವೋ ನೆಪವೋ ತಿಳಿಯುತ್ತಿಲ್ಲ ಅಂತ ಕೇಳಿದ್ದೀಯ. ನೀನೂ ಅವಳೂ ಒಪ್ಪಿದ್ದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡು ಬಾಯಿಬಿಡದೆ ಕೂತ ಮನೆಗಳು ಬೇಕಾದಷ್ಟಿವೆ.

ನಿಜ ಕಣೋ. ತಂಗಿಗಿರುವ ಅನೊರೆಕ್ಸಿಯಾದಲ್ಲಿ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡಿಸುವ ಕಾಯಿಲೆಯಲ್ಲಿ, ನೆಪಗಳೂ ಇರುತ್ತವೆ, ಇಲ್ಲ ಅನ್ನಲ್ಲ. ಆದರೆ ಇದು ಆ ಪಟ್ಟಿಗೆ ಸೇರುವಂಥದ್ದಲ್ಲ. ಆ ಕಾಯಿಲೆಯೊಳಗೆ ಹೊಕ್ಕು ಹೊರಬಂದವನಾಗಿ ಹೇಳುತ್ತಿದ್ದೇನೆ.

ಮೊದಲು ನಾಲಿಗೆಯ ವಿಷಯ. ರುಚಿಮೊಗ್ಗುಗಳಲ್ಲಿರುವ ಜೀವಕೋಶಗಳು ಹೆಚ್ಚುಕಡಿಮೆ 10 ದಿನದಿಂದ ಎರಡು ವಾರದೊಳಗೆ ಸತ್ತು ಹೊಸವು ಹುಟ್ಟುತ್ತಿರುತ್ತವೆ. ಹೊಟ್ಟೆಗೆ ಬೀಳುವುದೇ ಕಡಿಮೆಯಾದಾಗ ಆ ಕೆಲಸಕ್ಕೂ ಸಾಮಗ್ರಿ ಸಾಲದು. ಅದರಲ್ಲೂ ಸತು, ಅಂದರೆ ಜಿಂಕ್, ಕೊರತೆಯಾದರೆ ರುಚಿ ಮಂಕಾಗುತ್ತದೆ. ಎಂಜಲು ಒಣಗಿದರೂ ಅಷ್ಟೇ, ಯಾಕೆಂದರೆ ಉಪ್ಪಾಗಲಿ ಸಕ್ಕರೆಯಾಗಲಿ ಎಂಜಲಲ್ಲಿ ಕರಗಿದ ಮೇಲೇ ಮೊಗ್ಗಿಗೆ ತಾಕುವುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ, ಡಾಕ್ಟರ ಹತ್ತಿರ ಕೇಳು. ಹಾಗಂತ ಇದನ್ನು ಓದಿ ಅಂಗಡಿಗೆ ಓಡಿ ಜಿಂಕ್ ಮಾತ್ರೆ ತರಬೇಡ ಮಾರಾಯ. ಅದು ಅತಿಯಾದರೆ ದೇಹ ತಾಮ್ರವನ್ನು ಹೀರಿಕೊಳ್ಳುವುದಕ್ಕೇ ಅಡ್ಡಿಯಾಗುತ್ತದೆ. ಬುಲಿಮಿಯಾ, ಅಂದರೆ ಒಮ್ಮೆಗೇ ವಿಪರೀತ ತಿಂದು ಆಮೇಲೆ ಅದನ್ನು ಹೊರಹಾಕುವ ಕಾಯಿಲೆ, ಇರುವವರ ಕಷ್ಟ ಇನ್ನೊಂದು ಬಗೆಯದು. ಪದೇ ಪದೇ ವಾಂತಿಯಾಗಿ ಹೊಟ್ಟೆಯ ಆಮ್ಲ ಬಾಯಿಗೆ ಬರುತ್ತಿದ್ದರೆ ಹಲ್ಲಿನ ಎನಾಮೆಲ್ ಸವೆಯುತ್ತದೆ, ಕಿವಿಯ ಕೆಳಗಿನ ಎಂಜಲ ಗ್ರಂಥಿಗಳು ಊದಿಕೊಳ್ಳುತ್ತವೆ.

ಆದರೆ ಎಲ್ಲವನ್ನೂ ನಾಲಿಗೆಯ ತಲೆಗೆ ಕಟ್ಟುವ ಹಾಗಿಲ್ಲ. ಸಿಹಿ, ಉಪ್ಪು, ಹುಳಿ, ಕಹಿಗಳ ನೀರು ಕೊಟ್ಟು ಪರೀಕ್ಷಿಸಿದಾಗ ಕೆಲವು ಅಧ್ಯಯನಗಳಲ್ಲಿ ರೋಗಿಗಳಿಗೆ ರುಚಿ ಗುರುತಿಸುವುದು ಕಷ್ಟವಾಗಿದೆ, ಕೆಲವದರಲ್ಲಿ ಅವರಿಗೂ ಆರೋಗ್ಯವಂತರಿಗೂ ವ್ಯತ್ಯಾಸವೇ ಕಂಡಿಲ್ಲ. 1987ರಲ್ಲಿ ಅಮೆರಿಕದ ಸಂಶೋಧಕರು ಸಕ್ಕರೆ, ಕೊಬ್ಬು ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಹಾಲಿನ ಮಿಶ್ರಣಗಳನ್ನು ಅನೊರೆಕ್ಸಿಯಾ ಇರುವವರಿಗೆ ಕೊಟ್ಟು ನೋಡಿದರು. ಸಿಹಿ ಅವರಿಗೆ ಇಷ್ಟವಾಯಿತು. ಕೊಬ್ಬು ಜಾಸ್ತಿಯಿದ್ದದ್ದು ಸೇರಲಿಲ್ಲ, ತೂಕ ಮರಳಿ ಬಂದ ಮೇಲೂ ಸೇರಲಿಲ್ಲ. 2008ರ ಇನ್ನೊಂದು ಅಧ್ಯಯನದಲ್ಲಿ ಈ ಕಾಯಿಲೆಯಿಂದ ಚೇತರಿಸಿಕೊಂಡಿದ್ದ ಹೆಂಗಸರ ನಾಲಿಗೆಗೆ ಸಕ್ಕರೆ ನೀರು ಬಿಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ಮಿದುಳಿನ ಹೊರಪದರದಲ್ಲಿ ರುಚಿಯ ಸುದ್ದಿ ಮೊದಲು ತಲುಪುವ ಜಾಗಕ್ಕೆ ಇನ್ಸುಲಾ ಅನ್ನುತ್ತಾರೆ. ಅವರಲ್ಲಿ ಅದರ ಪ್ರತಿಕ್ರಿಯೆ ಉಳಿದವರಿಗಿಂತ ಕಡಿಮೆಯಿತ್ತು. ಹಸಿವು, ಹೊಟ್ಟೆ ತುಂಬಿದ್ದು, ಎದೆಬಡಿತ, ಇಂಥ ಒಳಗಿನ ಸುದ್ದಿಗಳೂ ಅಲ್ಲಿಗೇ ಬರುತ್ತವೆ. ‘ಹಸಿವಿಲ್ಲ’, ‘ರುಚಿಯಿಲ್ಲ’ ಎರಡನ್ನೂ ತಂಗಿ ಒಂದೇ ಉಸಿರಿನಲ್ಲಿ ಹೇಳುತ್ತಾಳೆ ಅಂತ ಬರೆದಿದ್ದೀಯಲ್ಲ, ಅದನ್ನು ಓದುವಾಗ ನನಗೆ ಇದೇ ನೆನಪಾಯಿತು.

ಇನ್ನು ಉಪ್ಪು, ಮೆಣಸಿನಪುಡಿ ಸುರಿದುಕೊಳ್ಳುತ್ತಾಳೆ ಅಂತ ನಿನ್ನ ದೂರು. ನಾನೂ ಕಣ್ಣಲ್ಲಿ ನೀರು ಬರುವಷ್ಟು ಮೆಣಸಿನಪುಡಿ ಉದುರಿಸಿಕೊಳ್ಳುತ್ತಿದ್ದೆ. ಮೆಣಸಿನ ಉರಿ ಮಿದುಳಿಗೆ ಹೋಗುವುದು ರುಚಿಯ ನರದಲ್ಲಲ್ಲ, ಮುಖದ ನೋವು, ಬಿಸಿಗಳನ್ನು ಒಯ್ಯುವ ನರದಲ್ಲಿ. ಉಳಿದದ್ದೆಲ್ಲ ಮಂಕಾಗಿದ್ದಾಗ ಬಾಯಲ್ಲಿ ಏನೋ ಇದೆ ಅಂತ ಗೊತ್ತಾಗುತ್ತಿದ್ದದ್ದು ಆ ಉರಿಯಿಂದಲೇ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯ ಮೇಲೆ, 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಆ ಗಂಡುಹುಡುಗರೂ ಊಟಕ್ಕೆ ಉಪ್ಪು, ಮಸಾಲೆ ಸುರಿದುಕೊಂಡರು, ಒಂದಕ್ಕೊಂದು ಹೊಂದದ್ದನ್ನೆಲ್ಲ ಕಲಸಿದರು, ಒಂದು ಊಟಕ್ಕೇ ಗಂಟೆಗಟ್ಟಲೆ ಹೊತ್ತು ತೆಗೆದುಕೊಂಡರು, ಅಡುಗೆ ಪುಸ್ತಕ ಹಿಡಿದು ಕೂತರು. ಅವರಲ್ಲಿ ಯಾರೂ ದಪ್ಪಗಾಗುವ ಭಯದಿಂದ ಊಟ ಕಡಿಮೆ ಮಾಡಿದವರಲ್ಲ. ತಂಗಿಯ ‘ವಿಚಿತ್ರ ಬುದ್ಧಿ’ ಅಂತ ನೀನು ಬರೆದಿದ್ದರಲ್ಲಿ ಮುಕ್ಕಾಲುಪಾಲು ಹಸಿವು ಮಾಡಿಸುತ್ತಿರುವ ಕೆಲಸ.

ಈಗ ನಿನ್ನ ಅಡುಗೆಯ ವಿಷಯಕ್ಕೆ ಬರುತ್ತೇನೆ. ರುಚಿ ಬಂದರೆ ತಾನಾಗೇ ತಿಂದಾಳು ಅಂತ ದಿನಕ್ಕೊಂದು ಹೊಸದು ಮಾಡಿ, ಬಾಯಿಗಿಡುತ್ತಿದ್ದಂತೆ ಅವಳ ಮುಖವನ್ನೇ ನೋಡುತ್ತಾ ‘ಹೇಗಿದೆ?’ ಅಂತ ಕೇಳುತ್ತೀಯಲ್ಲ, ಅದನ್ನು ಇವತ್ತೇ ನಿಲ್ಲಿಸು. ಡಯಟೀಷಿಯನ್ ಬರೆದುಕೊಟ್ಟ ಹೊತ್ತಿಗೆ, ಬರೆದುಕೊಟ್ಟಷ್ಟು, ಔಷಧಿಯ ಹಾಗೆ ಹೊಟ್ಟೆಗೆ ಸೇರಲಿ. ರುಚಿ ಆಮೇಲೆ ಬರುತ್ತದೆ, ಅದೂ ಒಂದೇ ಸಲಕ್ಕಲ್ಲ. ನನಗೆ ಮೊದಲು ಮರಳಿದ್ದು ಬಿಸಿ, ತಣ್ಣಗಿನ ವ್ಯತ್ಯಾಸ, ಆಮೇಲೆ ವಾಸನೆ. ನಾವು ರುಚಿ ಅಂತ ಕರೆಯುವುದರಲ್ಲಿ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೇರುವ ವಾಸನೆಯೇ ತಾನೆ. ಸಿಹಿ ಬಂದಾಗ ಮಾತ್ರ ಅತಿಯಾಗಿ ಬಂತು, ಮಾಗಿದ ಹಣ್ಣಿನ ಒಂದು ಹೋಳಿಗೇ ಗಂಟಲು ಕಟ್ಟಿತು.

ಯಾರೂ ನನಗೆ ಮೊದಲೇ ಹೇಳದಿದ್ದ ಮಾತೊಂದಿದೆ. ರುಚಿ ಬಂದ ದಿನವೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು. ರುಚಿಯಿಲ್ಲದ್ದನ್ನು ನುಂಗುವಾಗ ‘ಡಾಕ್ಟರು ಹೇಳಿದ್ದಕ್ಕೆ ತಿನ್ನುತ್ತಿದ್ದೇನೆ’ ಅನ್ನಬಹುದಿತ್ತು. ಚೆನ್ನಾಗಿದೆ ಅನ್ನಿಸಿದ ಕ್ಷಣ, ಇದನ್ನು ನಾನೇ ಬಯಸಿ ತಿಂದೆ ಅಂತಾಯಿತು. ತಟ್ಟೆ ದೂಡಿ ಎದ್ದುಬಿಟ್ಟೆ. ಮನೆಯವರು ಅದನ್ನೂ ರುಚಿಯಿಲ್ಲದ್ದಕ್ಕೇ ಅಂದುಕೊಂಡು ಇನ್ನಷ್ಟು ಉಪ್ಪು ಹಾಕಿದರು! ಹಾಗಾಗಿ ಒಂದು ದಿನ ತಂಗಿ ‘ಪರವಾಗಿಲ್ಲ, ಚೆನ್ನಾಗಿದೆ’ ಅಂದರೆ ಕುಣಿದಾಡಬೇಡ, ಇನ್ನೊಂದು ಸೌಟು ಬಡಿಸಲೂ ಹೋಗಬೇಡ. ಹೂಂ ಅಂದು ಬೇರೆ ಮಾತಿಗೆ ಹೋಗು. ಮರುದಿನ ಅದೇ ಅಡುಗೆಯನ್ನು ಬೇಡ ಅಂದರೆ ಕಾಯಿಲೆ ಹಿಂದಕ್ಕೆ ಹೋಯಿತು ಅಂತಲೂ ತಿಳಿಯಬೇಡ.

ಎರಡೇ ತುತ್ತಿಗೆ ಹೊಟ್ಟೆ ತುಂಬಿತು ಅಂದರೂ ನಂಬು, ಬಹಳ ದಿನ ಖಾಲಿಯಿದ್ದ ಹೊಟ್ಟೆ ಊಟವನ್ನು ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ನಂಬಿದೆ ಅಂತ ಊಟ ಬಿಡಿಸಬೇಡ, ಡಯಟೀಷಿಯನ್‌ಗೆ ಹೇಳಿ ಸ್ವಲ್ಪ ಸ್ವಲ್ಪವಾಗಿ ಹಂಚಿಸು. ಮತ್ತೆ ಊಟ ಶುರುಮಾಡಿದ ಮೊದಲ ದಿನಗಳಲ್ಲಿ ಕಾಲು ಊದುವುದು, ಉಸಿರು ಕಟ್ಟುವುದು, ಎದೆ ಡವಡವ ಅನ್ನುವುದು, ಗಲಿಬಿಲಿ, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗು. ಬಹಳ ದಿನ ಹಸಿದ ದೇಹಕ್ಕೆ ಮತ್ತೆ ಊಟ ಸೇರಿದಾಗ ರಕ್ತದಲ್ಲಿ ಫಾಸ್ಫೇಟ್ ಅನ್ನುವ ಲವಣ ಕುಸಿಯಬಹುದು, ಹಾಗಾದರೆ ಜೀವಕ್ಕೇ ಅಪಾಯ.

ಬಿಡುವು ಮಾಡಿಕೊಂಡು ನಾನೂ ಬರುತ್ತೇನೆ, ಮೂವರೂ ಒಟ್ಟಿಗೆ ಊಟಕ್ಕೆ ಕೂರೋಣ. ನನಗೂ ಅವಳಷ್ಟೇ ಬಡಿಸು. ತಟ್ಟೆಯ ಸುದ್ದಿ ಎತ್ತದೆ ಹೊತ್ತು ಕಳೆಯುವುದು ಹೇಗೆ ಅಂತ ನಿನಗೆ ಚಿಂತೆ ಬೇಡ, ನನ್ನ ಹರಟೆ ನಿನಗೆ ಗೊತ್ತೇ ಇದೆ.

ಇಂತಿ ನಿನ್ನ ಗೆಳೆಯ