ಹೊಸಬರ ಕೈಗೆ ಬರೀ ಚೀಲ ಕೊಟ್ಟರೆ ಸಾಕಾ?

ಮಾನ್ಯರೇ,

ಕಾಲೇಜುಗಳಲ್ಲಿ ಎನ್‌ಎಸ್‌ಎಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆಗೆ) ಹೊಸ ಸ್ವಯಂಸೇವಕರು ಸೇರುವ ಸಮಯ ಇದು. 1969ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಗಂಟೆಯ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಹೊಸಬರಿಗೆ ಕೆಲಸ ಹೇಳಿಕೊಡುವವರು ಯಾರು?

ನಾನು ಸೇರಿದಾಗ ಯಾರೂ ಏನೂ ಹೇಳಲಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕೈಗೊಂದು ಚೀಲ ಕೊಟ್ಟು ಕಸ ಹೆಕ್ಕಲು ಬಿಟ್ಟರು, ಅಷ್ಟೇ. ಮರುವರ್ಷ ಮೂವರು ಜೂನಿಯರ್‌ಗಳ ಜವಾಬ್ದಾರಿ ನನಗೇ ಬಂತು. ಮೊದಮೊದಲು ನಾನೂ ಅದನ್ನೇ ಮಾಡಿದೆ, ಸುಮ್ನೆ ಆರ್ಡರ್ ಹಾಕುವುದು. ಅವರಲ್ಲಿ ಒಬ್ಬಳು, ಮಾಜಾಳಿ ಕಡೆಯವಳು, ಸಭೆಯಲ್ಲಿ ಬಾಯೇ ಬಿಡುತ್ತಿರಲಿಲ್ಲ. ಮೀನು ಮಾರುಕಟ್ಟೆಗೆ ಪ್ಲಾಸ್ಟಿಕ್ ಜಾಗೃತಿ ಅಂತ ಹೋದಾಗ ನಾನು ಒಂದು ಕಡೆ ನಿಂತು ಭಾಷಣ ಬಿಗಿಯುತ್ತಿದ್ದೆ, ಅವಳು ಮೀನು ಮಾರುವ ಹೆಂಗಸರ ಪಕ್ಕ ಕೂತು ಚೀಲಕ್ಕೆ ದಿನಕ್ಕೆಷ್ಟು ಖರ್ಚಾಗುತ್ತದೆ, ಗಿರಾಕಿಗಳೇ ಡಬ್ಬಿ ತಂದರೆ ಆಗದೇ ಅಂತ ಕೊಂಕಣಿಯಲ್ಲಿ ಮಾತಿಗಿಳಿದಳು, ಹತ್ತು ನಿಮಿಷದಲ್ಲಿ ಸುತ್ತ ಜನವೋ ಜನ. ನನ್ನ ಭಾಷಣ ಕೇಳಿದ್ದು ಒಂದು ಬೆಕ್ಕು ಮಾತ್ರ.

ಮುಂದಿನ ಕಾರ್ಯಕ್ರಮದ ಯೋಜನೆಯನ್ನು ಅವಳಿಗೇ ಬಿಟ್ಟೆ. ಬಿಡುವುದು ಕಷ್ಟ ಸ್ವಾಮಿ. ತಪ್ಪಾಗುವಾಗ ಮಧ್ಯೆ ಕೈ ಹಾಕದೆ ನಿಲ್ಲುವುದು ಇನ್ನೂ ಜಾಸ್ತಿ ಕಷ್ಟ. ಎಂದೂ ವೇದಿಕೆ ಹತ್ತಿ ಕಲಿಯದ್ದನ್ನು ನಾನು ಅಲ್ಲಿ ಸುಮ್ಮನೆ ನಿಂತು ಕಲಿತೆ.

ಎಲ್ಲ ಘಟಕಗಳೂ ಎರಡನೇ ವರ್ಷದ ಪ್ರತಿಯೊಬ್ಬರಿಗೂ ಇಬ್ಬರು ಹೊಸಬರನ್ನು ವಹಿಸಲಿ. ಅದೂ ಶಿಬಿರದ ಹಿಂದಿನ ದಿನ ಅಲ್ಲ, ಈಗಲೇ.

– ಎನ್‌ಎಸ್‌ಎಸ್ ವಿದ್ಯಾರ್ಥಿ, ಕಾರವಾರ